ಆನೆಯ ಮೆಟ್ಟಿಲಿಗೆ ಸಮುದ್ರ ಬಂದದ್ದು

ನಮ್ಮತ್ತೆ ಹುಲಿಗೆವ್ವನಿಗೆ ಸಮುದ್ರ ಕಂಡದ್ದು ಸಂತೆಯಿಂದ ಉಳ್ಳಾಗಡ್ಡಿ ಹೊತ್ತು ಬರುವಾಗ. ಮೇಲ್ಕೇರಿಯ ನಡುಬೀದಿಯಲ್ಲಿ ಗಕ್ಕನೆ ನಿಂತಳು. ತಲೆಯ ಮೇಲಿನ ಬುಟ್ಟಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, "ಗಾಳೆವ್ವಾ, ಸೀರಿ ಎತ್ಗೊ, ತೊಯ್ತೈತಿ" ಅಂದಳು. ನಾನು ಎತ್ತಿಕೊಂಡೆ. ಏನು, ಯಾಕೆ ಅಂತ ಕೇಳಲಿಲ್ಲ. ನಮ್ಮೂರಲ್ಲಿ ಹಾಗೆ ಕೇಳುವ ಪದ್ಧತಿಯೇ ಇಲ್ಲ. ಒಬ್ಬರಿಗೆ ಕಂಡದ್ದಕ್ಕೆ ಎಲ್ಲರೂ ಜಾಗ ಬಿಡಬೇಕು. ಅದು ಊರ ಕಟ್ಟಳೆ.

ಪ್ರಾಯಕ್ಕೆ ಬಂದ ಮೇಲೆ ಯಾವತ್ತೋ ಒಂದು ದಿನ ಒಬ್ಬೊಬ್ಬರಿಗೂ ಒಂದೊಂದು ಕಾಣಿಸಿಕೊಳ್ಳುತ್ತದೆ, ಬೇರೆ ಯಾರಿಗೂ ಕಾಣದ್ದು. ನನ್ನ ಗಂಡನಿಗೆ ಸೀಟಿಲ್ಲದ ಒಂದು ಸೈಕಲ್ಲು. ಅದು ಬೇವಿನ ಮರಕ್ಕೆ ಒರಗಿ ನಿಂತಿರುತ್ತದೆ, ಆ ಮರಕ್ಕೆ ಯಾರೂ ಬೆನ್ನು ಕೊಟ್ಟು ಕೂರುವುದಿಲ್ಲ. ಬಸ್ಸಿನ ಕಂಡಕ್ಟರನಿಗೆ ಬಾತುಕೋಳಿಗಳ ಸಾಲು. ಊರಬಾಗಿಲಿನ ಅಗಸೆಯ ಹತ್ತಿರ ಅವನು ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ, ಕೊನೆಯ ಬಾತು ದಾಟಿದ ಮೇಲೆ "ರೈಟ್" ಅನ್ನುತ್ತಾನೆ. ನಾನು ಗುಂಡಿಯ ಕಾಜ ಹೊಲಿಯುವ ದರ್ಜಿ ಅಂಗಡಿಯ ಇಮಾಮಸಾಬರಿಗೆ ಒಂದು ಮೇಕೆ. ಬಟ್ಟೆ ಕಂಡರೆ ಬಾಯಿ ಹಾಕುವ ಜಾತಿಯದು. ಅವರ ಅಂಗಡಿಗೆ ಬಂದ ಗಿರಾಕಿಗಳು ಸೀರೆ, ಧೋತರ, ಜಂಪರಿನ ತುಂಡು ಎಲ್ಲವನ್ನೂ ತಲೆಯ ಮೇಲೆ ಎತ್ತಿ ಹಿಡಿದೇ ಮಾತಾಡುತ್ತಾರೆ.

ಕಟ್ಟಳೆ ಎಲ್ಲರಿಗೂ ಒಂದೇ ಅಂತ ಕೆರೆಯ ಪಕ್ಕದ ಕಟ್ಟೆಯ ಕಲ್ಲಿನ ಮೇಲೆ ಕೆತ್ತಿದೆ. ಕೆತ್ತಿದವನು ನಮ್ಮ ಕೆಳಕೇರಿಯವನು, ಓದಿ ಅರ್ಥ ಹೇಳಿದವರು ಮೇಲ್ಕೇರಿಯವರು. ಹಾಗಾಗಿ ಕಲ್ಲಿನಲ್ಲಿ ಇಲ್ಲದ ಇನ್ನೊಂದು ಮಾತು ನಮ್ಮ ಕೇರಿಯ ಮಕ್ಕಳಿಗೆ ಹಾಲುಹಲ್ಲು ಬೀಳುವ ಮೊದಲೇ ಬಾಯಿಪಾಠವಾಗುತ್ತಿತ್ತು: ಕಂಡರೆ ಸಣ್ಣದು ಕಾಣು. ನಮ್ಮ ಮಾವನಿಗೆ ಕಂಡದ್ದು ಒಂದು ಕೋಳಿ. ನಮ್ಮವ್ವನಿಗೆ ತನ್ನ ಮೊಣಕೈ ಮೇಲೆ ಹರಿಯುವ ಇರುವೆ ಸಾಲು. ಊರಿನ ಒಂದು ಗೇಣು ಜಾಗವನ್ನೂ ಅದು ಕೇಳಲಿಲ್ಲ. ಚಪ್ಪಲಿ ಹೊಲಿಯುವ ಸಣ್ಣದುರಗಪ್ಪನಿಗೆ ಒಂಟೆ ಕಂಡಿತ್ತಂತೆ. ಬದುಕಿರುವ ತನಕ ಅದನ್ನು ಓತಿಕ್ಯಾತ ಅಂತಲೇ ಹೇಳಿಕೊಂಡು ಬಂದ. ಪ್ರಾಣ ಬಿಡುವಾಗ ಮಾತ್ರ ಹೆಂಡತಿಯ ಕಿವಿಯಲ್ಲಿ, "ಅದರ ಡುಬ್ಬ ಭಾಳ ಚಂದಿತ್ತಲೇ" ಅಂದ.

ದೊಡ್ಡದು ಇದ್ದದ್ದು ವಾಡೆಯ ಅಡಿವೆಪ್ಪ ಧಣಿಗೆ. ಆನೆ. ಅದು ಕೆರೆಯ ಮೆಟ್ಟಿಲ ಮೇಲೆ ನಿಂತಿರುತ್ತದೆ. ಮೊದಲು ಕಂಡದ್ದು ಧಣಿಯ ಅಜ್ಜನಿಗೆ. ಸಾಮಾನ್ಯವಾಗಿ ಕಂಡದ್ದು ಕಂಡವರ ಜೊತೆಗೇ ಹೋಗುತ್ತದೆ. ನಮ್ಮ ಮಾವ ಸತ್ತ ಮಾರನೇ ದಿನವೇ ಅತ್ತೆ ಅಂಗಳದ ಕೋಳಿ ಜಾಗ ಗುಡಿಸಿ ಒಲೆ ಹೂಡಿದಳು. ಆದರೆ ವಾಡೆಯ ಆನೆ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಹೊಲದ ಹಾಗೆ ಇಳಿದು ಬಂತು. ಮೇಲ್ಕೇರಿಯವರ ಗುರುತು ಆನೆಗೆ ಇದೆಯಂತೆ, ಅವರು ಪಕ್ಕದಲ್ಲಿ ಹಾದು ನೀರು ತುಂಬಿಕೊಳ್ಳಬಹುದು. ನಮ್ಮ ವಾಸನೆ ಬಂದರೆ ಅದು ಕೆರಳುತ್ತದಂತೆ. ಹಾಗಾಗಿ ನಾವು ಹಳ್ಳದ ಮರಳು ತೋಡಿ ವರತೆಯ ನೀರು ಬಸಿದುಕೊಳ್ಳುತ್ತಿದ್ದೆವು. ಬೈಗುಳ ಬೇಡ, ಬಡಿಗೆ ಬೇಡ, ಬೇಲಿ ಬೇಡ. ಒಂದು ಆನೆ ಸಾಕಾಯಿತು.

ಇಂಥ ಊರಿಗೆ ಡಾಕ್ಟರ್ ಫಿಲೋಮಿನಾ ಬಂದು ಆಗಲೇ ಒಂದು ಮಳೆಗಾಲ ಕಳೆದಿತ್ತು. ಕರಾವಳಿ ಕಡೆಯ ಹೆಂಗಸು. ಮದ್ದು ಕೊಡುವ ಡಾಕ್ಟರಲ್ಲ; ಇಲ್ಲದ್ದನ್ನು ಮೆದುಳು ಹೇಗೆ ಕಾಣುತ್ತದೆ ಅಂತ ಸಂಶೋಧನೆ ಮಾಡುವವಳು. ಬಂದ ಹೊಸದರಲ್ಲಿ ಪಾಪ ಬಾತುಕೋಳಿ ತುಳಿದಳು, ಸೈಕಲ್ಲಿಗೆ ಡಿಕ್ಕಿ ಹೊಡೆದಳು, ಬೈಸಿಕೊಂಡಳು. ತಲೆಗೆ ವೈರುಗಳ ಟೋಪಿ ಹಾಕಿ ಗಾಜಿನ ಪರದೆ ಮೇಲೆ ಮೆದುಳಿನ ಬಣ್ಣಬಣ್ಣದ ಚಿತ್ರ ತೋರಿಸಿದಾಗ, ಅದು ಈಯಮ್ಮನಿಗೆ ಕಂಡದ್ದಿರಬೇಕು ಅಂತ ನಮ್ಮವರು ಪರದೆಯ ಮುಂದೆ ಚಾಪೆ ಹಾಸಿ, ಒಂದು ತಂಬಿಗೆ ನೀರಿಟ್ಟು ಬಂದರು.

ಅವಳ ಒಂದು ಪರೀಕ್ಷೆ ಹೀಗಿತ್ತು. ದೀಪ ಹತ್ತಿಸುತ್ತಾಳೆ, ಜೊತೆಗೇ ಸಣ್ಣಗೆ ಗಂಟೆ ಬಾರಿಸುತ್ತಾಳೆ. ಹಾಗೆ ಸುಮಾರು ಸಲ ಮಾಡಿ, ಆಮೇಲೆ ದೀಪವನ್ನಷ್ಟೇ ಹತ್ತಿಸಿ, "ಗಂಟೆ ಕೇಳಿತಾ?" ಅನ್ನುತ್ತಾಳೆ. ಕಾದು ಕೂತ ಮೆದುಳು ಇಲ್ಲದ ಗಂಟೆಯನ್ನೂ ಒಮ್ಮೊಮ್ಮೆ ಕೇಳಿಸಿಕೊಳ್ಳುತ್ತದೆ, ಎಷ್ಟು ಜನರಿಗೆ ಹಾಗಾಗುತ್ತದೆ ಅನ್ನುವುದು ಅವಳ ಲೆಕ್ಕಾಚಾರ. ನಮ್ಮೂರಲ್ಲಿ ಪ್ರತಿಯೊಬ್ಬರೂ "ಕೇಳಿತ್ರಿ" ಅಂದರು. ಗಂಟೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಆಗಲೂ "ಭಾಳ ಇಂಪಾಗಿ ಕೇಳಿತ್ರಿ." ಡಾಕ್ಟರಮ್ಮನ ಕಣ್ಣುಗಳು ಅಗಲವಾದವು. ಜಗತ್ತಿನಲ್ಲೇ ಇಂಥ ಊರಿಲ್ಲ ಅಂತ ಕುಣಿದಾಡಿಬಿಟ್ಟಳು. ಕೊನೆಗೆ ಅವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದ ನಮ್ಮತ್ತೆಯೇ ಕನಿಕರಪಟ್ಟು ಹೇಳಿದಳು:

"ಯವ್ವಾ, ನೀ ಕೇಳಿತೇನು ಅಂತ ಕೇಳ್ತಿ ಅಂದಮ್ಯಾಲ ನಿನಗ ಕೇಳಿರಬೇಕು. ನಾವು ಇಲ್ಲ ಅಂದ್ರ ನಿನ್ನ ಗಂಟಿಗೆ ಜಾಗ ಬಿಡಲಿಲ್ಲ ಅಂತ ಆಗತೈತಿ. ಅಷ್ಟ ಮರ್ಯಾದಿ ಇಲ್ಲದ ಮಂದೀನ ನಾವು?"

ಡಾಕ್ಟರಮ್ಮ ತಲೆಗೆ ಕೈ ಹೊತ್ತು ಕೂತಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ ಮಾರಾಯ್ತಿ, ಇಷ್ಟು ತಿಂಗಳು ನಾನು ನಿಮ್ಮ ಮೆದುಳು ಅಳೆದದ್ದಲ್ಲ, ಮರ್ಯಾದೆ ಅಳೆದದ್ದು!" ಪ್ರತಿಸಲವೂ "ಕೇಳಲಿಲ್ಲ" ಅಂದವನು ಊರಿಗೆಲ್ಲ ಒಬ್ಬನೇ, ಅಡಿವೆಪ್ಪ ಧಣಿ. ಬೇರೆಯವರದಕ್ಕೆ ಜಾಗ ಬಿಟ್ಟು ರೂಢಿಯಿಲ್ಲದ ಮನುಷ್ಯ. ಅದನ್ನೇ ಅವನು ದೊಡ್ಡಸ್ತಿಕೆ ಮಾಡಿಕೊಂಡು, ಮಿಷನ್ನು ನನ್ನೊಬ್ಬನದೇ ಖರೆ ಅಂತು ಅಂತ ಕಟ್ಟೆಯ ಮೇಲೆ ಮೀಸೆ ತಿರುವುತ್ತಿದ್ದ.

ನಮ್ಮತ್ತೆ ಸೀರೆ ಎತ್ತಿಕೊಂಡು ನಿಂತದ್ದು ಅದೇ ಕಟ್ಟೆಯ ಮುಂದೆ.

"ಏನ ಹುಲಿಗಿ, ಏನ ಕಂಡಿ? ಗುಬ್ಬಿನೋ, ಹಲ್ಲೀನೋ?"

"ಸಮುದ್ರ, ಧಣಿ."

ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುವ ಬಾಯಿಗಳು ನಿಂತವು. "ಎಷ್ಟ ದೊಡ್ಡದು?"

"ಈಚಿ ದಂಡಿ ನಿಮ್ಮ ವಾಡೇದ ಹೊಸ್ತಿಲಕ್ಕೈತಿ. ಆಚಿ ದಂಡಿ ಕಾಣವಲ್ದು. ಅಗಾ, ತೆರಿ ಬಂತು. ನಿಮ್ಮ ಧೋತರ ತೊಯ್ತು ನೋಡ್ರಿ."

ನೀವು ಆಗ ಅಲ್ಲಿರಬೇಕಿತ್ತು. ಕಟ್ಟಳೆ ರಕ್ತಕ್ಕೆ ಇಳಿದ ಜನ. ಶಾನುಭೋಗರು ಆಗಲೇ ಧೋತರದ ಚುಂಗು ಎತ್ತಿಬಿಟ್ಟಿದ್ದರು. ಧಣಿ ಕಣ್ಣು ಕೆಂಪಗೆ ಮಾಡಿದ ಮೇಲೆ ಮೆಲ್ಲಗೆ ಇಳಿಬಿಟ್ಟರು. ಸಮುದ್ರ ಒಪ್ಪಿದರೆ ಮೇಲ್ಕೇರಿಗೆ ಮೇಲ್ಕೇರಿಯೇ ಕೆಳಕೇರಿಯವಳ ನೀರಿನಲ್ಲಿ ನಡೆಯಬೇಕು. ಯಾವ ಬೀದಿಯಲ್ಲಿ ಎಷ್ಟು ನೀರು ಅಂತ ದಿನಾ ಅವಳನ್ನೇ ಕೇಳಬೇಕು. ಧಣಿಗೆ ಇದೆಲ್ಲ ಕ್ಷಣದಲ್ಲಿ ಹೊಳೆಯಿತು. "ಸುಳ್ಳು ಕಂಡಾಳ" ಅಂದ.

ಸುಳ್ಳು ಕಂಡವರಿಗೆ ನಮ್ಮೂರಲ್ಲಿ ಒಂದೇ ಶಿಕ್ಷೆ: ಜೀವ ಇರುವ ತನಕ ಕಣ್ಣಿಗೆ ಕಪ್ಪು ಬಟ್ಟೆ. ನಮ್ಮತ್ತೆ ಬಾಯಿಬಡುಕಿ, ನಾನು ಮಾಡಿದ ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ ಅಂತ ದಿನಾ ಹೆಸರಿಡುವವಳು. ಆದರೆ ಸೂಜಿಯ ಕಣ್ಣಿಗೆ ದಾರ ಪೋಣಿಸಲು ನಾನು ತಡವರಿಸಿದರೆ ಕಿತ್ತುಕೊಂಡು ಪೋಣಿಸಿ ಕೊಡುವವಳೂ ಅವಳೇ. ಆ ಕಣ್ಣುಗಳಿಗೆ ಬಟ್ಟೆಯೇ? ಅವರ ಆನೆಗೆ ದರ್ಶನ ಅಂತ ಹೆಸರು, ನಮ್ಮ ಸಮುದ್ರಕ್ಕೆ ಭ್ರಮೆ ಅಂತ ಹೆಸರು. ಹೆಸರಿಡುವ ಹಕ್ಕನ್ನು ಇವರಿಗೆ ಬರೆದುಕೊಟ್ಟವರು ಯಾರು ಅಂತ ನಮ್ಮ ಓದುಕೂಟದಲ್ಲಿ ಮೇಜು ಗುದ್ದಿ ಕೇಳಿದೆ. ಓದುಕೂಟ ಅಂದರೆ ಇಮಾಮಸಾಬರ ಅಂಗಡಿಯೇ. ಭಾನುವಾರ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಹೊಲಿಯುತ್ತಾರೆ. "ಮೇಜು ಗುದ್ದಬ್ಯಾಡ ತಂಗಿ, ಮಿಷನ್ ಮ್ಯಾಲೈತಿ" ಅಂದರು ಇಮಾಮಸಾಬರು.

ಕಣ್ಣುಬಟ್ಟೆ ಹೊಲಿಯುವ ಕೆಲಸ ಬಂದದ್ದೂ ಅದೇ ಅಂಗಡಿಗೆ. ಧಣಿಯ ಆಳು ಕರಿ ಬಟ್ಟೆ ಕೊಟ್ಟು ಹೋದ, ಸಂಜೆ ಬಂದು ಕೇಳಿದ. ಇಮಾಮಸಾಬರು ಕತ್ತರಿ ಕೆಳಗಿಟ್ಟು ಬಹಳ ಬೇಜಾರಿನ ಮುಖ ಮಾಡಿದರು.

"ಏನ ಹೇಳ್ಲಿ ತಮ್ಮಾ, ಹೊಲದು ಇಟ್ಟಿದ್ದೆ. ನನ್ನ ಮೇಕಿ ತಿಂತು."

ಆಳು ಬರಿಗೈಯಲ್ಲಿ ಹಿಂದಿರುಗಿದ. ಮೇಕೆ ಇಲ್ಲ ಅನ್ನುವ ಹಾಗಿಲ್ಲ, ಕಟ್ಟಳೆ. ಇನ್ನೊಂದು ತುಂಡು ಬಂತು. ಮೇಕೆ ಅದನ್ನೂ ತಿಂದಿತು. ಹೀಗೆ ವಾಡೆಯ ಕರಿ ಬಟ್ಟೆಯೆಲ್ಲ ಮೇಕೆಯ ಹೊಟ್ಟೆ ಸೇರಿತು. ಆ ವರ್ಷ ನಮ್ಮ ಕೇರಿಯ ಮಕ್ಕಳಿಗೆಲ್ಲ ಒಂದೇ ಬಣ್ಣದ ಚಡ್ಡಿ ಯಾಕೆ ಬಂತು ಅಂತ ನಾನು ಹೇಳಲಾರೆ.

ಈ ನಡುವೆ ಡಾಕ್ಟರಮ್ಮ ನಮ್ಮ ಅಂಗಳಕ್ಕೆ ಬಂದು ಅತ್ತೆಯ ಪಕ್ಕ ಕೂತಳು. ಅವಳು ಸಮುದ್ರದ ದಂಡೆಯಲ್ಲೇ ಹುಟ್ಟಿದವಳು, ಅತ್ತೆ ಸಮುದ್ರದ ಚಿತ್ರವನ್ನೂ ನೋಡಿದವಳಲ್ಲ. "ಹುಲಿಗೆವ್ವ, ನಿಮ್ಮ ಸಮುದ್ರದ ನೀರು ಬಾಯಿಗೆ ಹಾಕಿದ್ದುಂಟಾ? ಉಪ್ಪಾ?"

"ಉಪ್ಪ್ಯಾಕ ಇರತೈತಿ? ಎಳನೀರ ಹಂಗೈತಿ. ನಿನ್ನಿ ಹೊಟ್ಟಿತುಂಬ ಕುಡದೀನಿ."

ಈ ಮಾತು ಹೇಗೋ ಕಟ್ಟೆಗೆ ಮುಟ್ಟಿತು. "ಸಿಕ್ಕಳು ಕಳ್ಳಿ! ಸಮುದ್ರದ ನೀರು ಉಪ್ಪು ಅನ್ನೋದೂ ಗೊತ್ತಿಲ್ಲ" ಅಂತ ಕೇಕೆ ಹಾಕಿದರು. ನಾನು ಅಂಗಳಕ್ಕೆ ಓಡಿ ಬಂದು ಹೇಳಿದೆ. ಡಾಕ್ಟರಮ್ಮ ಮಾತ್ರ ಶಾಂತವಾಗಿ ಹೇಳಿದಳು: "ಗಾಳೆವ್ವ, ಮೆದುಳು ಅಂದ್ರೆ ಬುರುಡೆಯೊಳಗೆ ಕತ್ತಲಲ್ಲಿ ಕೂತದ್ದು. ಹೊರಗಿನದ್ದು ಅದಕ್ಕೆ ಕಣ್ಣು ಕಿವಿ ತಂದುಕೊಟ್ಟಷ್ಟೇ ಗೊತ್ತು. ಉಳಿದದ್ದನ್ನು ಅದೇ ಊಹಿಸಿ ತುಂಬಿಸ್ತದೆ. ನಾವೆಲ್ಲ ಕಾಣುವುದೂ ಹಾಗೆಯೇ, ಅರ್ಧ ಊಹೆ. ಊಹೆ ಕಣ್ಣಿಗಿಂತ ಜೋರಾದಾಗ ಇಲ್ಲದ್ದೂ ಕಾಣ್ತದೆ. ಅದು ಕಟ್ಟುವುದು ಮನೆಯಲ್ಲಿರುವ ಸಾಮಾನಿನಿಂದಲೇ ಅಲ್ವಾ? ಇವರ ಮೆದುಳು ಹುಟ್ಟಿದಾಗಿನಿಂದ ಕಾದದ್ದು ಯಾವ ನೀರಿಗೆ, ಹೇಳು. ಉಪ್ಪು ನೀರಿಗಾ?"

ನಾನು ಅಂಗಳದ ಮೂಲೆಯಲ್ಲಿದ್ದ ವರತೆ ನೀರಿನ ಕೊಡ ನೋಡಿದೆ. ಅರ್ಧ ಕೊಡ, ತಳದಲ್ಲಿ ಮರಳು. ನಮ್ಮ ಕೇರಿಯ ತಲೆತಲಾಂತರದ ದಾಹವೆಲ್ಲ ಸೇರಿ ಈ ಮುದುಕಿಯ ತಲೆಯಲ್ಲಿ ತೆರೆ ಎದ್ದಿದೆ ಅನ್ನಿಸಿ, ಅವಳ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿದೆ. "ಅತ್ತಾಗ ಸರಿಯೇ, ನೀರು ಸಿಡಿಸಿ ತೊಯ್ಸಿಬಿಟ್ಟಿ, ದಂಡಿಗೆ ಕೂತಿದ್ದೆ" ಅಂದಳು.

ಧಣಿಯೇ ಪಂಥ ಕಟ್ಟಿದ. ಮುದುಕಿಯನ್ನು ಕಟ್ಟೆಯ ಮುಂದೆ ಎಲ್ಲರೆದುರು ಪರೀಕ್ಷೆ ಮಾಡಬೇಕು, ಸುಳ್ಳಾದರೆ ಅಲ್ಲೇ ಬಟ್ಟೆ ಕಟ್ಟಬೇಕು, ಬಟ್ಟೆ ಈ ಸಲ ವಾಡೆಯಲ್ಲೇ ಹೊಲಿದು ಬರುತ್ತದೆ. ಡಾಕ್ಟರಮ್ಮ ಒಪ್ಪಿದಳು. "ಆದರೆ ಹೋಲಿಸಿ ನೋಡಲಿಕ್ಕೆ, ಕಾಣುವುದರಲ್ಲಿ ಅನುಮಾನವೇ ಇಲ್ಲದ ಒಬ್ಬರು ಬೇಕು."

"ನಾ ಇಲ್ಲೇನು? ಬಂಗಾರ ಒರಿಗೆ ಹಚ್ಚೋವಾಗ ಅಪ್ಪಟ ಬಂಗಾರ ಬೇಕಲ್ಲ" ಅಂದ ಧಣಿ. ಗಂಟೆಯ ಪರೀಕ್ಷೆ ಗೆದ್ದ ಹುರುಪು. ತನ್ನ ಆನೆಗೆ ಸರಕಾರಿ ಮುದ್ರೆ ಬಿದ್ದ ಹಾಗಾಗುತ್ತದೆ ಅಂತಲೂ ಅಂದುಕೊಂಡಿರಬೇಕು.

ಪಂಥದ ದಿನ ಬೆಳಿಗ್ಗೆ ಎರಡೂ ಕೇರಿ ಕಟ್ಟೆಯ ಮುಂದೆ ನೆರೆದವು. ಡಾಕ್ಟರಮ್ಮ ಈ ಸಲ ವೈರಿನ ಟೋಪಿ ತರಲಿಲ್ಲ. ಒಂದು ಕ್ಯಾಮೆರಾ, ಅದರ ಚಿತ್ರ ದೊಡ್ಡದು ಮಾಡಿ ತೋರಿಸುವ ಒಂದು ದೀಪದ ಪೆಟ್ಟಿಗೆ ತಂದಿದ್ದಳು. ಕ್ಯಾಮೆರಾದ ಮುಂದೆ ಕೂತವರ ಕಣ್ಣು ಗೋಡೆಗೆ ಕಟ್ಟಿದ ಬಿಳಿ ಧೋತರದ ಮೇಲೆ ಮೊರದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೊದಲು ಇಮಾಮಸಾಬರನ್ನು ಕೂರಿಸಿ, ದಾರಕ್ಕೆ ಕಟ್ಟಿದ ಲಿಂಬೆಹಣ್ಣನ್ನು ಅವರ ಮುಂದೆ ಮೆಲ್ಲಗೆ ಎಳೆದಳು. ಧೋತರದ ಮೇಲಿನ ಕಣ್ಣಗೊಂಬೆ ಎಣ್ಣೆಯ ಮೇಲೆ ಜಾರಿದ ಹಾಗೆ ಈ ತುದಿಯಿಂದ ಆ ತುದಿಗೆ ಹೋಯಿತು. "ಈಗ ಲಿಂಬೆಹಣ್ಣು ಇಲ್ಲ. ಉಂಟು ಅಂತ ಅಂದುಕೊಂಡು ಹಾಗೇ ಕಣ್ಣು ಓಡಿಸಿ." ಇಮಾಮಸಾಬರು ಎಷ್ಟು ಹೆಣಗಿದರೂ ಕಣ್ಣು ಜಾರಲಿಲ್ಲ. ಪುಟ್ ಪುಟ್ ಅಂತ ಕಪ್ಪೆಯ ಹಾಗೆ ಕುಪ್ಪಳಿಸಿತು.

"ಇಷ್ಟೇ ವಿಷಯ" ಅಂದಳು ಡಾಕ್ಟರಮ್ಮ. "ಕಂಡರೆ ಕಣ್ಣು ಜಾರ್ತದೆ, ಬರೀ ಅಂದುಕೊಂಡರೆ ಕುಪ್ಪಳಿಸ್ತದೆ. ಬಾಯಿ ಮರ್ಯಾದೆಗೆ ಏನೂ ಹೇಳಬಹುದು. ಕಣ್ಣಿಗೆ ಮರ್ಯಾದೆ ಗೊತ್ತಿಲ್ಲ." ಜನರೆಲ್ಲ ಕೂತಲ್ಲೇ ಇಲ್ಲದ ಲಿಂಬೆಹಣ್ಣು ಹಿಡಿಯಲು ಹೋಗಿ, ಒಬ್ಬರ ಕಣ್ಣು ಒಬ್ಬರು ನೋಡಿ ನಗತೊಡಗಿದರು.

ಅತ್ತೆ ಕೂತಳು. ಕೈಯೂರಿ ಕೂರುವ ಮೊದಲು ಸೀರೆ ಎತ್ತಿಕೊಂಡಳು. "ಏನು ಹೋಗ್ತಾ ಉಂಟು ಅಲ್ಲಿ?" ಅಂತ ಡಾಕ್ಟರಮ್ಮ ಕೇಳಿದಳು.

"ಒಂದು ನೊರಿ ಸಾಲು ಹೊಂಟೈತಿ. ಆಲದ ಮರದಿಂದ ವಾಡೇಕ."

"ಅದರ ಹಿಂದೆಯೇ ನೋಡಿ."

ಧೋತರದ ಮೇಲೆ ನಮ್ಮತ್ತೆಯ ಕಣ್ಣು, ಅಂಚಿನಲ್ಲಿ ಒಲೆ ಹೊಗೆಯ ಕೆಂಪು ಗೆರೆಗಳಿದ್ದ ಕಣ್ಣು, ಜಾರಿತು. ಆಲದ ಮರದಿಂದ ವಾಡೆಯ ಬಾಗಿಲ ತನಕ, ಒಂದು ಸಲವೂ ತೊಡರದೆ, ತೇಲುವ ಎಲೆಯ ಹಾಗೆ ಹೋಗಿ, ಹೊಸ್ತಿಲಿಗೆ ಬಡಿದು, ಹಾಗೆಯೇ ಹಿಂದಕ್ಕೆ ಬಂತು. ನಮ್ಮ ಕೇರಿಯವರು ಕಿರುಚಿದ್ದು ಹಳ್ಳದಾಚೆಗೂ ಕೇಳಿರಬೇಕು. ಯಾರೋ ಚರ್ಮದ ಹಲಗೆಗೆ ಒಂದು ಪೆಟ್ಟು ಕೊಟ್ಟೇಬಿಟ್ಟರು.

"ನಿಲ್ರಿ, ಇನ್ನ ಬಂಗಾರ ಒರಿಗೆ ಹಚ್ಚಿಲ್ಲ" ಅಂದರು ಇಮಾಮಸಾಬರು, ಬಹಳ ವಿನಯದಿಂದ.

ಧಣಿ ಕೂತ. ಆನೆ ಮೆಟ್ಟಿಲಿನಿಂದ ಆಲದ ಮರಕ್ಕೆ ಬರುತ್ತಿದೆಯಂತೆ. ಕಣ್ಣು ಓಡಿಸಿದ. ಪುಟ್. ಪುಟ್. ಪುಟ್. ಮೊರದಷ್ಟು ದೊಡ್ಡ ಕಪ್ಪೆ ಧೋತರದ ತುಂಬ ಕುಪ್ಪಳಿಸಿತು. ಇನ್ನೊಮ್ಮೆ ಓಡಿಸಿದ. ಇನ್ನೂ ಜೋರಾಗಿ ಕುಪ್ಪಳಿಸಿತು.

"ನಮ್ಮ ಆನಿ ನಡಿಯೋದ ಹಂಗ" ಅಂದ.

"ಕಪ್ಪಿ ಹಂಗ ಜಿಗೀತೈತೇನ್ರಿ ಧಣಿ, ಆನಿ?" ಕಂಡಕ್ಟರನ ದನಿ.

"ನನ್ನ ಮಿಷನ್ನು ಯಾರನ್ನೂ ಸುಳ್ಳ ಅನ್ನುವುದಿಲ್ಲ" ಅಂತ ಡಾಕ್ಟರಮ್ಮ ಎಚ್ಚರಿಕೆಯಿಂದ ಶುರುಮಾಡಿದಳು. "ಅಂದುಕೊಳ್ಳುವವರ ಕಣ್ಣು ಹೇಗೆ ಹೋಗ್ತದೋ ಹಾಗೆ ಹೋಯಿತು ಅಂತ ಅಷ್ಟೇ—" ಅವಳ ಮಾತು ಮುಗಿಯಲಿಲ್ಲ. ಹೆಂಗಸರ ಸಾಲಿನಲ್ಲಿ ಒಂದು ನಗು ಸಿಡಿಯಿತು. ನಕ್ಕವಳು ನಮ್ಮವಳಲ್ಲ, ಧಣಿಯ ಹೆಂಡತಿ ಗಿರಿಜಕ್ಕ. "ಮದುವಿ ಆಗಿ ಬಂದಾಗಿಂದ ಕೇಳಾಕತ್ತೀನಿ, ಅಷ್ಟ ದೊಡ್ಡ ಆನಿ, ಲದ್ದಿ ಎಲ್ಲಿ ಹಾಕತೈತಿ ಅಂತ. ಇವತ್ತಿನ ತನಕ ಒಂದ ಉತ್ತರ ಬಂದಿಲ್ಲ ಯವ್ವಾ!" ಅಂದು ಸೆರಗು ಬಾಯಿಗೆ ತುರುಕಿಕೊಂಡಳು. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಅಂತ ಹೇಳುವ ಹಾಗಿರಲಿಲ್ಲ.

ಧಣಿ ತಲೆ ತಗ್ಗಿಸಿದ. "ಅಜ್ಜಗ ಕಂಡಿತ್ತು" ಅಂದ, ಕೇಳಿಸಿಯೂ ಕೇಳಿಸದ ಹಾಗೆ. "ಅಪ್ಪಗ ಕಾಣಲಿಲ್ಲ. ನನಗೂ ಕಾಣಲಿಲ್ಲ. ಏನೂ ಕಾಣಲಿಲ್ಲ. ಒಂದ ಇರುವಿನೂ." ನನಗೆ ಕನಿಕರ ಬರಲಿಲ್ಲ ಅಂದರೆ ಸುಳ್ಳಾದೀತು. ಬಂತು. ಒಂದು ಬೊಗಸೆಯಷ್ಟು. ಅವನು ನಮಗೆ ಬಿಡದೇ ಇದ್ದದ್ದು ಒಂದು ಕೆರೆ.

ಅಷ್ಟರಲ್ಲಿ ಅತ್ತೆ ಎದ್ದು ನಿಂತು ಕೂಗಿದಳು. "ತೆರಿ ಬರಾಕತ್ತೈತಿ! ಎತ್ತ್ರಿ, ಎತ್ತ್ರಿ!" ಮೊದಲು ಎತ್ತಿದ್ದು ಶಾನುಭೋಗರು. ಅವರ ಹಿಂದೆ ಕಟ್ಟೆಯ ಹಿರಿಯರು, ಗಿರಿಜಕ್ಕ, ಕಂಡಕ್ಟರ್, ಮೇಲ್ಕೇರಿಯ ಜರಿಯಂಚುಗಳೆಲ್ಲ ಮೊಣಕಾಲು ದಾಟಿ ಮೇಲೆ ಹೋದವು. ಒಣ ಬೀದಿಯ ತುಂಬ ಜನ ಕಾಲು ಎತ್ತೆತ್ತಿ ಇಡುತ್ತ, ನೀರಿನಲ್ಲಿ ನಡೆಯುವ ಹಾಗೆ ಹೊರಟರು. ಇಮಾಮಸಾಬರು ಮೇಕೆಯನ್ನು ಹೆಗಲ ಮೇಲೆ ಹೊತ್ತಿದ್ದರು. ಹಲಗೆ ಬಿಡದೆ ಮೊಳಗಿತು. ಅತ್ತೆ ಮುಂದೆ, ನಾವು ಹಿಂದೆ. ಅವಳು ನೇರ ಕೆರೆಯ ಮೆಟ್ಟಿಲಿಗೆ ಹೋಗಿ ಒಂದೊಂದಾಗಿ ಇಳಿದಳು. ನಮ್ಮ ಕೇರಿಯ ಕಾಲುಗಳು ಆ ಕಲ್ಲು ಮುಟ್ಟಿದ್ದು ಅದೇ ಮೊದಲು. ಎಷ್ಟು ತಣ್ಣಗಿತ್ತು ಗೊತ್ತೇ ಆ ಕಲ್ಲು! ನಾವು ಬೊಗಸೆ ಬೊಗಸೆ ಕುಡಿದೆವು, ಒಬ್ಬರಿಗೊಬ್ಬರು ಎರಚಿಕೊಂಡೆವು, ನನ್ನ ಗಂಡ ಸೈಕಲ್ಲು ತೊಳೆಯುತ್ತೇನೆ ಅಂತ ಕುಣಿದ.

ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ನನ್ನ ಸಮುದ್ರದ ನೀರಿನ ಮುಂದ ಇದು ಏನೂ ಅಲ್ಲ. ಇರ್ಲಿ, ಬ್ಯಾಳಿ ಬೇಯಿಸಾಕ ಆಗತೈತಿ." ಹಾಗೆಂದವಳು ತಟ್ಟನೆ ತಲೆ ಎತ್ತಿದಳು. ಮೆಟ್ಟಿಲಿನ ಒಂದು ಕಡೆ ದಿಟ್ಟಿಸಿದಳು. ಮುಖವೆಲ್ಲ ಅರಳಿತು.

"ಯವ್ವಾ! ಇಲ್ಲೇ ಐತಲ್ಲ ಅದು."

"ಏನತ್ತಿ?"

"ಆನಿ! ಖರೇನ ಆನಿ! ನೀರಾಗ ಇಳದೈತಿ. ಈಜಾಕತ್ತೈತಿ ನೋಡ, ಕೂಸಿನ ಹಂಗ!"

ಡಾಕ್ಟರಮ್ಮ ಕ್ಯಾಮೆರಾ ಬಿಟ್ಟು ಓಡಿ ಬಂದು ಅತ್ತೆಯ ಮುಖದ ಹತ್ತಿರ ಮುಖ ತಂದಳು. ಯಂತ್ರ ಬೇಕಿರಲಿಲ್ಲ, ನನಗೂ ಕಾಣುತ್ತಿತ್ತು. ಕಣ್ಣು ಜಾರುತ್ತಿತ್ತು, ಮೆಟ್ಟಿಲಿನಿಂದ ಕೆರೆಯ ನಡುವಿಗೆ, ನಡುವಿನಿಂದ ಆಚೆ ದಂಡೆಗೆ. "ಹುಟ್ಟಿದಂದಿನಿಂದ ಈ ಆನೆಗೆ ಹೆದರಿ ಸುತ್ತು ಹಾಕಿದವರು" ಅಂತ ಡಾಕ್ಟರಮ್ಮ ಪಿಸುಗುಟ್ಟಿದಳು. "ಇವರಿಗಲ್ಲದೆ ಇನ್ನು ಯಾರಿಗೆ ಕಾಣಬೇಕು ಅದು?"

ಸುದ್ದಿ ಮೆಟ್ಟಿಲಿಂದ ಮೆಟ್ಟಿಲಿಗೆ ಏರಿ ಮೇಲಕ್ಕೆ ಹೋಯಿತು. ಎಲ್ಲರೂ ಆನೆಗೆ ಜಾಗ ಬಿಟ್ಟು, ನೀರಿನಲ್ಲೇ ಸ್ವಲ್ಪ ಸರಿದು ನಿಂತೆವು. ಅದೇನೂ ನಮ್ಮನ್ನು ತಡೆಯಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಅಡಿವೆಪ್ಪ ಧಣಿ ಒಬ್ಬನೇ ನಿಂತಿದ್ದ, ಒಣ ಧೋತರ ಪಾದದ ತನಕ ಇಳಿಬಿಟ್ಟು. ಬಹಳ ಹೊತ್ತು ನೋಡಿದ. ಆಮೇಲೆ ಒಂದು ಮೆಟ್ಟಿಲು ಇಳಿದ. ಯಾವತ್ತೂ ನಮ್ಮ ಕೇರಿಯವರನ್ನು ಏನನ್ನೂ ಕೇಳದ ಬಾಯಿ, ಒಣಗಿದ ಬಾಯಿ, ಕೇಳಿತು:

"ಹುಲಿಗೆವ್ವಾ... ಹೆಂಗೈತಿ ಅದು? ದಂತ ಅದಾವೇನು?"

ಅತ್ತೆ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ನನ್ನ ಸಾರಿಗೆ ಹೆಸರಿಡುವಾಗ ಇರುವ ಮುಖವೇ ಇತ್ತು.

"ಹೇಳ್ತೀನಿ ಬಾ, ಧಣಿ. ಮೊದಲ ಧೋತರ ಎತ್ತು. ನೀ ನಿಂತಲ್ಲಿ ಮೊಣಕಾಲಮಟ ನೀರೈತಿ."

ಧಣಿ ಬಗ್ಗಿದ. ಎತ್ತಿದ.